ಉಸಿರೈತೆ ಅನ್ನುತ್ತಿದ್ದ ಕೆಂಪರಾಜು

ದೂರದ ಬೆಟ್ಟ ನುಣ್ಣಗೆ ಅಂತ ಗಾದೆ ಕಟ್ಟಿದವರು ನಮ್ಮೂರಿಗೆ ಬಂದವರಲ್ಲ. ನಮ್ಮ ಕೋಡುಗಲ್ಲು ಬೆಟ್ಟ ಹತ್ತಿರ ಹೋದರೂ ನುಣ್ಣಗೇ ಇದೆ, ತೊಂದರೆ ಇರುವುದೇ ಅಲ್ಲಿ. ಇಡೀ ಬೆಟ್ಟ ಒಂದೇ ಬೋಳು ಬಂಡೆ. ಹನಿ ಬಿದ್ದರೆ ಸೋಪು ಉಜ್ಜಿದ ಬಚ್ಚಲ ಕಲ್ಲಿನಂತೆ ಜಾರುತ್ತದೆ. ಮೇಕೆ ಮೇಯಿಸುವವರು, ಜೇನು ಕೀಳುವವರು, ಸೌದೆಗೆ ಹೋದ ಹೆಂಗಸರು, ಈಗೀಗ ಭಾನುವಾರ ಬಂತೆಂದರೆ ಬೆಂಗಳೂರಿನಿಂದ ಬೈಕಿನಲ್ಲಿ ಬರುವ ಹುಡುಗರು, ಯಾರಾದರೂ ಜಾರುತ್ತಲೇ ಇರುತ್ತಾರೆ. ಹಾಗೆ ಜಾರಿದವರನ್ನು ಕೆಳಗೆ ಹೊತ್ತು ತರುತ್ತಿದ್ದವನು ಕೆಂಪರಾಜು. ಅವನ ವಿಷಯ ಬಂದರೆ ನಮ್ಮೂರಿನವರು ಮಾತು ತಿರುಗಿಸುತ್ತಾರೆ. ಅದಕ್ಕೇ ನಾನು ಹೇಳುತ್ತಿದ್ದೇನೆ. ನಾನು ಇಲ್ಲಿನ ಅಂಗನವಾಡಿ ಟೀಚರ್, ಅಕ್ಕಯಮ್ಮ. ಬಾಯಿ ಜೋರು ಅಂತ ಹೆಸರಿದೆ. ಆ ಹೆಸರು ಇದಕ್ಕಾದರೂ ಉಪಯೋಗವಾಗಲಿ.

ಕೆಂಪರಾಜು ಕುಳ್ಳ, ಎದೆ ಅಗಲ, ಮಾತು ಕಮ್ಮಿ. ಇದ್ದ ರಾಗಿ ಹೊಲದಲ್ಲಿ ಮುಕ್ಕಾಲು ಪಾಲು ಸೋಂಪುರದ ಕಾರ್ಖಾನೆಗೆ ಹೋಯಿತು. ಆ ಕಾರ್ಖಾನೆಯವರೇ ಅವನಿಗೆ ತೋಟದ ಕೆಲಸ ಕೊಟ್ಟರು. ಅಂದರೆ ಅವನ ಅಪ್ಪ ರಾಗಿ ಬೆಳೆದ ಮಣ್ಣಿನಲ್ಲೇ ನಿಂತು ತಿನ್ನಲು ಬಾರದ ಹುಲ್ಲಿಗೆ ನೀರು ಹಾಯಿಸುವ ಕೆಲಸ. ಅದಕ್ಕೂ ಅವನು ಗೊಣಗಿದ್ದನ್ನು ನಾನು ಕೇಳಿಲ್ಲ. ಬೆಟ್ಟದಿಂದ ಕೂಗು ಬಂದರೆ ಮಾತ್ರ ಪೈಪು ಅಲ್ಲೇ ಬಿಸಾಕಿ, ಬಾವಿಯ ಮಿಣಿಹಗ್ಗ ಹೆಗಲಿಗೆ ಹಾಕಿಕೊಂಡು ಓಡುತ್ತಿದ್ದ.

ಯಾಕೆ ಓಡುತ್ತಿದ್ದ ಅಂತ ತಿಳಿಯಬೇಕಾದರೆ ನಮ್ಮೂರ ಕಟ್ಟಳೆಯೊಂದು ತಿಳಿದಿರಬೇಕು. ಊರಬಾಗಿಲಿನ ಆಚೆ ಪ್ರಾಣ ಬಿಟ್ಟವರನ್ನು ಊರೊಳಗೆ ತರುವಂತಿಲ್ಲ. ಹೊರಗೇ ಮಲಗಿಸಬೇಕು, ಹೊರಗೇ ಮೈ ತೊಳೆಯಬೇಕು, ಅಲ್ಲಿಂದಲೇ ಮಣ್ಣಿಗೆ. ಒಳಗೆ ತಂದರೆ ಊರಿಗೆ ಕೇಡಂತೆ. ಯಾವ ಕೇಡು ಅಂತ ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಊರ ಸುತ್ತ ಲೇಔಟು ಬಂತು, ಮನೆ ಮನೆಗೆ ವೈಫೈ ಬಂತು, ಈ ಹಾಳು ಕಟ್ಟಳೆ ಮಾತ್ರ ಜಾಗ ಬಿಟ್ಟು ಕದಲಲಿಲ್ಲ.

ಕೆಂಪರಾಜುವಿನ ಅಪ್ಪ ಮುನಿವೆಂಕಟಪ್ಪ ಜೇನು ಕೀಳಲು ಹೋಗಿ ಬಿದ್ದು ಸತ್ತಾಗ ಇವನಿಗಿನ್ನೂ ಮೀಸೆ ಮೂಡಿರಲಿಲ್ಲ. ಹೆಣವನ್ನು ಸೋನೆ ಮಳೆಯಲ್ಲಿ ಹೊರಗೇ ಮಲಗಿಸಿದರು. ಇವನ ಅವ್ವ "ಅವ್ರು ಕಟ್ಟಿದ ಮನೆಗೆ ಅವ್ರನ್ನ ಒಂದ್ ಗಳಿಗೆ ಕರ್ಕೊಂಡ್ ಬರ್ತೀನಿ, ಬಿಡ್ರಪ್ಪಾ" ಅಂತ ಹಿರಿಯರ ಕಾಲು ಹಿಡಿದಳು. ಯಾರೂ ಬಿಡಲಿಲ್ಲ. ಆ ಹೆಂಗಸು ತಾನು ಸಾಯುವವರೆಗೂ ಊಟಕ್ಕೆ ಕೂತಾಗಲೆಲ್ಲ ಬಾಗಿಲ ಕಡೆ ನೋಡುತ್ತಿದ್ದಳಂತೆ. ಇದನ್ನು ಕೆಂಪರಾಜುವೇ ನನಗೆ ಹೇಳಿದ್ದು. ಹೇಳುವಾಗ ಅವನೂ ಬಾಗಿಲ ಕಡೆ ನೋಡಿದ.

ಅವನು ಬೆಟ್ಟದಿಂದ ಮೊದಲ ಸಲ ಹೊತ್ತು ತಂದದ್ದು ಮೇಕೆ ಕಾಯುತ್ತಿದ್ದ ಅಪ್ಪಯ್ಯಣ್ಣನನ್ನು. ಕತ್ತು ಮುರಿದಿತ್ತು, ಕಣ್ಣು ನೆಟ್ಟಿತ್ತು, ತುಟಿಗೆ ಇರುವೆ ಹತ್ತಿದ್ದವು. ಊರಬಾಗಿಲಲ್ಲಿ ವೆಂಕಟರಮಣಪ್ಪ ನಿಂತಿದ್ದರು. ಊರಿನ ಯಜಮಾನಿಕೆ ಅವರ ಮನೆತನದ್ದು, ಕಟ್ಟಳೆ ಕಾಯುವವರೂ ಅವರೇ.

"ಏನಪ್ಪಾ, ಹೋಗ್ಬಿಟ್ನಾ?" ಅಂದರು.

"ಇಲ್ಲ ದೊಡ್ಡಪ್ಪ. ಉಸಿರೈತೆ," ಅಂದ ಕೆಂಪರಾಜು.

ವೆಂಕಟರಮಣಪ್ಪ ಹೆಣದ ಮುಖ ನೋಡಿದರು, ಇವನ ಮುಖ ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು, "ಐತೆ ಅಂದ್ಮೇಲೆ ಐತೆ. ಬೇಗ ಮನೆಗೆ ಕರ್ಕೊಂಡೋಗ್ರಿ" ಅಂದರು. ಅಪ್ಪಯ್ಯಣ್ಣನ ಹೆಂಡತಿ ನಡುಮನೆಯಲ್ಲಿ ಅವನ ತಲೆಯನ್ನು ತೊಡೆ ಮೇಲಿಟ್ಟುಕೊಂಡು ಬಾಯಿಗೆ ನೀರು ಬಿಟ್ಟಳು. ನೀರು ಕೆನ್ನೆಯ ಮೇಲೆ ಇಳಿಯಿತು. ಆಗ ಎಲ್ಲರೂ ಸೇರಿ "ಈಗ ಹೋಯ್ತು ಜೀವ" ಅಂದರು. ಮನೆಯೊಳಗೆ ಸತ್ತವನಿಗೆ ಯಾವ ಕಟ್ಟಳೆಯೂ ಅಡ್ಡ ಬರುವುದಿಲ್ಲ.

ಅಲ್ಲಿಂದ ಅದೇ ರೂಢಿಯಾಯಿತು. ಕಾಲು ಮುರಿದವರು, ಸೊಂಟ ಉಳುಕಿದವರು ಅವನ ಬೆನ್ನ ಮೇಲೆ ಊರಿಗೆಲ್ಲ ಕೇಳುವಂತೆ ಅರಚಿಕೊಂಡೇ ಬರುತ್ತಿದ್ದರು. ಅವರು ಬದುಕಿದ್ದಾರೆ ಅನ್ನುವುದಕ್ಕೆ ಯಾರ ಸಾಕ್ಷಿಯೂ ಬೇಕಿರಲಿಲ್ಲ. ಅವನು ಸಾಕ್ಷಿ ಹೇಳುತ್ತಿದ್ದದ್ದು ಸುಮ್ಮನಿದ್ದವರಿಗೆ ಮಾತ್ರ. ಅದು ಸುಳ್ಳು ಅಂತ ಊರಿಗೆಲ್ಲ ಗೊತ್ತು. ಕೆಂಪರಾಜು ಬೆಟ್ಟದ ಬುಡದಲ್ಲಿ "ಉಸಿರೈತೆ" ಅಂದರೆ ಗಂಡಸರು ತಲೆಯ ಮೇಲಿನ ಟವೆಲ್ ತೆಗೆಯುತ್ತಿದ್ದರು, ಹೆಂಗಸರು ಬಾಯಿಗೆ ಸೆರಗು ಒತ್ತುತ್ತಿದ್ದರು, ಯಾರಾದರೊಬ್ಬರು ಮುಂದೆ ಓಡಿ ಅವರ ಮನೆಯಲ್ಲಿ ಚಾಪೆ ಹಾಸಿಸುತ್ತಿದ್ದರು. ಹೊರಗಿನವರು ಬಿದ್ದು ಸತ್ತರೆ ಪೊಲೀಸರು ಬಂದು ನೋಡಿಕೊಳ್ಳುತ್ತಿದ್ದರು, ಆ ಮಾತು ಬೇರೆ.

ನಾನು ಒಂದು ಸಲ ರೇಗಿದೆ. "ಈ ನಾಟಕ ಯಾಕಪ್ಪಾ? ನೀವು ಗಂಡಸ್ರೆಲ್ಲ ಕೂತ್ಕೊಂಡು ಆ ಕಟ್ಟಳೇನೇ ಕಿತ್ತಾಕ್ಬಾರ್ದಾ?" ಅಂದೆ.

"ಕಟ್ಟಳೆ ಕೀಳೋಕೆ ಪಂಚಾಯ್ತಿ ಸೇರ್ಸಿದ್ರೆ ಅಷ್ಟೊತ್ಗೆ ಹೆಣ ಕೊಳೀತದೆ ಟೀಚರಮ್ಮ. ಒಂದ್ ಮಾತಲ್ಲಿ ಮುಗೀತದಲ್ಲ," ಅಂದ.

ಪಾಪ, ಅವನ ಮಾತೂ ಸರಿಯೇ ಅನ್ನಿಸಿ ನಾನೂ ಸುಮ್ಮನಾದೆ.

ಇಂಥವನ ಕೈಗೆ ಜಪಾನಿನ ಪುಸ್ತಕಗಳು ಸಿಕ್ಕಿದವು. ಕಾರ್ಖಾನೆ ಜಪಾನಿನವರದು. ಅಲ್ಲಿಂದ ಬಂದಿದ್ದ ಇಂಜಿನಿಯರೊಬ್ಬ ವಾಪಸು ಹೋಗುವಾಗ ಬಿಟ್ಟುಹೋದ ಪುಸ್ತಕಗಳನ್ನು ಗುಜರಿಗೆ ಹಾಕು ಅಂತ ಇವನಿಗೆ ಹೇಳಿದರು. ಮೇಲಿನ ರಟ್ಟಿನ ಮೇಲೆ ಕೆಂಪು ಟೋಪಿಯವನೊಬ್ಬ ಇನ್ನೊಬ್ಬನನ್ನು ಬೆನ್ನಿಗೆ ಕಟ್ಟಿಕೊಂಡು ಹಗ್ಗದಲ್ಲಿ ನೇತಾಡುತ್ತಿದ್ದ. ತನ್ನ ಕಸುಬಿನವನೇ ಒಬ್ಬ ಪುಸ್ತಕದ ಮೇಲೆ ಬಂದಿದ್ದಾನಲ್ಲ ಅಂತ ಕೆಂಪರಾಜು ಅಷ್ಟನ್ನೂ ಸೈಕಲ್ಲಿಗೆ ಕಟ್ಟಿಕೊಂಡು ಮನೆಗೆ ತಂದ. ಅವು ಮಂಗಾ ಅನ್ನುವ ಚಿತ್ರಕತೆಗಳು. ಹಿಮದ ಬೆಟ್ಟ ಹತ್ತುವವರ ಕತೆ, ಅಲ್ಲಿ ಬಿದ್ದವರನ್ನು ಹುಡುಕಿ ಇಳಿಸುವ ತಂಡದ ಕತೆ, ಭಾಗದ ಮೇಲೆ ಭಾಗವಾಗಿ ಮುಗಿಯದಷ್ಟು ಉದ್ದ. ಹೆಸರು ನಮ್ಮ ಯಾರ ನಾಲಿಗೆಗೂ ಹೊರಳಲಿಲ್ಲ. ನಾವು ಕೆಂಪುಟೋಪಿ ಪುಸ್ತಕ ಅನ್ನುತ್ತಿದ್ದೆವು.

ಅಕ್ಷರ ಬಾರದಿದ್ದರೇನು, ಚಿತ್ರವಿದೆಯಲ್ಲ. ದಿನಾ ಸಂಜೆ ನೋಡಿದ. ನೋಡಿ ನೋಡಿ ಒಂದು ದಿನ ಅಂಗನವಾಡಿಯ ಜಗಲಿಗೆ ಬಂದು ಕೂತ.

"ಟೀಚರಮ್ಮ, ಈ ಕೆಂಪುಟೋಪಿ ಎಂಥಾ ಪಾಪಿ ಅಂತೀರಿ! ಆಸ್ಪತ್ರೇಲಿ ತಣ್ಣಗೆ ಮಲ್ಗಿರೋನ್ನ ಎತ್ಕೊಂಡೋಗಿ, ಬೆಟ್ಟ ಹತ್ಸಿ, ಐಸಿನ ಗುಂಡೀಗೆ ಹಾಕ್ಬಿಟ್ಟು, ಮನೇಗ್ ಬಂದು ಟೀ ಕುಡೀತಾನೆ. ಯಾವ್ ಪುಸ್ತಕ ತೆಗುದ್ರೂ ಇದೇ ಕಸುಬು ನನ್ಮಗಂದು!"

ಅವನ ಮಗಳು ನವ್ಯಶ್ರೀ ಅಲ್ಲೇ ಇದ್ದಳು. ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಉರುಳಾಡಿ ನಕ್ಕಳು. "ಅಪ್ಪಾ, ಅವ್ರು ಪುಸ್ತಕಾನ ಬಲಗಡೆಯಿಂದ ಓದೋದು ಕಣಪ್ಪಾ! ನೀನು ಕಡೇ ಪುಟದಿಂದ ಶುರು ಮಾಡಿ ಎಲ್ರನ್ನೂ ಸಾಯಿಸ್ಕೊಂಡ್ ಬಂದಿದ್ದೀಯ!" ನಾನೂ ಕಣ್ಣಲ್ಲಿ ನೀರು ಬರುವಂತೆ ನಕ್ಕೆ. ಕೆಂಪರಾಜು ಮಾತ್ರ ಪುಸ್ತಕ ತಿರುಗಿಸಿ ಹಿಡಿದು, ಆ ಕೆಂಪುಟೋಪಿಯವನಿಗೆ, "ತಪ್ಪಾಯ್ತು ಗುರು" ಅಂದ.

ನವ್ಯಶ್ರೀ ಸೋಂಪುರದಲ್ಲೇ ಬೇರೆ ಕಾರ್ಖಾನೆಯಲ್ಲಿ ಬಿಡಿಭಾಗ ಪರೀಕ್ಷಿಸುವ ಕೆಲಸದಲ್ಲಿದ್ದಳು. ಒಬ್ಬಳೇ ಮಗಳು. ಅದೇ ಕತೆ ಇಂಗ್ಲಿಷಿನಲ್ಲಿ ಇರುವುದನ್ನು ಫೋನಿನಲ್ಲಿ ಹುಡುಕಿದಳು. ಆಮೇಲಿನ ಸಂಜೆಗಳು ಆ ಮನೆಯಲ್ಲಿ ಹೇಗಿದ್ದವು ಅಂತೀರಿ! ಮಗಳು ತೊಡೆಯ ಮೇಲೆ ಪುಸ್ತಕ, ಕೈಯಲ್ಲಿ ಫೋನು ಹಿಡಿದು ಕನ್ನಡದಲ್ಲಿ ಹೇಳುತ್ತಾ ಹೋಗುವುದು, ಅಪ್ಪ ಮುದ್ದೆ ಮುರಿದದ್ದನ್ನು ಕೈಯಲ್ಲೇ ಹಿಡಿದು ಬಾಯಿ ತೆರೆದು ಕೂರುವುದು, ಅವಳ ತಾಯಿ ಮುನಿಲಕ್ಷ್ಮಮ್ಮ ಒಲೆಯ ಮುಂದಿನಿಂದ "ಸಾರು ಆರೋಯ್ತು, ಆ ಮಂಜುಗಡ್ಡೆ ಬೆಟ್ಟದಿಂದ ಇಳೀರಿ ಇಬ್ರೂ" ಅಂತ ಕೂಗುವುದು. ಕೆಂಪುಟೋಪಿ ಹಾಕುವ ಗಂಟುಗಳನ್ನೆಲ್ಲ ಅಪ್ಪ ಮಗಳು ಹಸುವಿನ ಹಗ್ಗದಲ್ಲಿ ಹಾಕಿ ನೋಡಿದರು. ಬಿದ್ದವನನ್ನು ಬೆನ್ನಿಗೆ ಕಟ್ಟುವ ಒಂದು ಬಗೆಯನ್ನು ಅವನು ಆ ಪುಸ್ತಕದಿಂದಲೇ ಕಲಿತ. ಅದರಲ್ಲಿ ಕೈ ಎರಡೂ ಬಿಡುವಾಗಿರುತ್ತವೆ.

ಒಂದು ಭಾಗಕ್ಕೆ ಮಾತ್ರ ಅವನು ಊಟ ಬಿಟ್ಟು ಎದ್ದ. ಹಿಮದಲ್ಲಿ ಸತ್ತ ಹುಡುಗನ ಅಪ್ಪ ಬೆಟ್ಟದ ತಪ್ಪಲಿನ ಗುಡಿಸಲಿನಲ್ಲಿ ಕಾಯುತ್ತಿರುತ್ತಾನೆ. ಕೆಂಪುಟೋಪಿ ಬಂದವನೇ ಎದುರು ನಿಂತು, ನಿಮ್ಮ ಮಗ ಸತ್ತಿದ್ದಾನೆ ಅನ್ನುತ್ತಾನೆ. ಅಷ್ಟೇ.

"ಆ ಮುದುಕ ಒಂದ್ ಲೋಟ ನೀರ್ ಕುಡಿಯೋಗಂಟ ತಡೀಬಾರ್ದಿತ್ತಾ ಇವ್ನು? ಬಾಯೋ ಬೊಂಬಾಯೋ!" ಅಂತ ಕೆಂಪರಾಜು ಸಿಡುಕಿದ.

"ಅವ್ನು ಯಾವತ್ತೂ ಇದ್ದಿದ್ದೇ ಹೇಳೋದಪ್ಪ. ಅಲ್ಲಿ ಯಾರೂ ಹೆಣಾನ ಊರಾಚೆ ತಡೆದು ನಿಲ್ಸಲ್ವಲ್ಲ," ಅಂದಳು ಮಗಳು.

ಅವನು ಹೋಗಿ ಕೈ ತೊಳೆದ.

ಆಮೇಲೆ ನವ್ಯಶ್ರೀ ಅಪ್ಪನ ಜೊತೆ ಬೆಟ್ಟ ಹತ್ತಲು ಶುರು ಮಾಡಿದಳು. ಇಬ್ಬರ ತಲೆಗೂ ಕಾರ್ಖಾನೆಯ ಹಳದಿ ಹೆಲ್ಮೆಟ್ಟು. ಊರಿನ ಬಾಯಿಗೆ ಬೀಗ ಉಂಟೇ? ಮದುವೆ ವಯಸ್ಸಿನ ಹುಡುಗಿ ಬಂಡೆ ಹತ್ತುವುದಂತೆ, ಹಗ್ಗ ಹಿಡಿಯುವುದಂತೆ. ಮುನಿಲಕ್ಷ್ಮಮ್ಮ "ಕಾಲು ಮುರ್ಕೊಂಡ್ರೆ ಯಾವನು ಕಟ್ಕೋತಾನೆ ನಿನ್ನ?" ಅಂದರೆ, "ಎರಡ್ ಕಾಲು ನೆಟ್ಟಗಿದ್ದಾಗ ಯಾವನ್ ಬಂದವ್ನೆ ಬಿಡಮ್ಮ" ಅಂದು ಹುಡುಗಿ ಹೊರಟೇಬಿಡುತ್ತಿದ್ದಳು. ನನಗೆ ಅವಳ ಮೇಲೆ ಬಲು ಪ್ರೀತಿ. ನನ್ನ ಕೈಯಲ್ಲೇ ಪೌಷ್ಟಿಕ ಹಿಟ್ಟಿನ ಉಂಡೆ ತಿಂದು ಬೆಳೆದ ಕೂಸು ಅದು.

ಅವರೆಕಾಯಿಯ ಕಾಲ. ಅದೊಂದು ಭಾನುವಾರ, ಪೋಲಿಯೋ ಹನಿ ಹಾಕುವ ದಿನ. ನಾನು ಊರಬಾಗಿಲಿನ ಹತ್ತಿರ ಮೇಜು ಹಾಕಿಕೊಂಡು ಕೂತಿದ್ದೆ. ಬೆಂಗಳೂರಿನ ಹುಡುಗನೊಬ್ಬ ಬಂಡೆಯ ನಡುವೆ ಸಿಕ್ಕಿಕೊಂಡು ಅಳುತ್ತಿದ್ದಾನೆ ಅಂತ ಸುದ್ದಿ ಬಂತು. ಅಪ್ಪ ಮಗಳು ನನ್ನ ಮುಂದೆಯೇ ಹೋದರು. ಅವಳು ನನ್ನ ಮೇಜಿನ ಮೇಲಿದ್ದ ಬಿಸ್ಕತ್ತು ಎತ್ತಿಕೊಂಡು, "ಟೀಚರ್, ನಂಗೂ ಎರಡು ಹನಿ ಹಾಕಿ" ಅಂತ ಬಾಯಿ ತೆರೆದು ಅಣಕಿಸಿ ಓಡಿದಳು.

ಆ ಹುಡುಗನನ್ನು ಹಗ್ಗದಲ್ಲಿ ಸುಸೂತ್ರವಾಗಿ ಇಳಿಸಿದರು. ಅವನು ಬೈಕು ಹತ್ತಿ ಹೋದ. ಅವನ ತಪ್ಪೇನೂ ಇಲ್ಲ, ಹೆದರಿ ಅರೆಜೀವವಾಗಿದ್ದ. ಮೇಲೆ ಹಗ್ಗ ಸುತ್ತಿಕೊಳ್ಳುತ್ತಿದ್ದ ನವ್ಯಶ್ರೀ ಇಬ್ಬನಿ ಆರದ ಪಾಚಿಯ ಮೇಲೆ ಕಾಲಿಟ್ಟಳು. ಹೆಲ್ಮೆಟ್ಟು ಇದ್ದದ್ದರಿಂದ ತಲೆಗೆ ಏನೂ ಆಗಲಿಲ್ಲ. ಹೊಟ್ಟೆ ಪಕ್ಕೆಗೆ ಬಂಡೆಯಂಚು ಬಡಿಯಿತು. ಕೆಂಪರಾಜು ಇಳಿದು ಅವಳ ಮೂಗಿಗೆ ಕಿವಿ ಇಟ್ಟ. ಉಸಿರಿತ್ತು. ಸಣ್ಣಗೆ, ಆದರೆ ಇತ್ತು. ಪುಸ್ತಕದಲ್ಲಿ ಕಲಿತ ಹಾಗೆ ಬೆನ್ನಿಗೆ ಕಟ್ಟಿಕೊಂಡು, ಎರಡೂ ಕೈಯಲ್ಲಿ ಬಂಡೆ ಹಿಡಿದು ಇಳಿದ.

ಬೆಟ್ಟದ ಬುಡದಲ್ಲಿ ಊರಿನ ನಾಲ್ಕಾರು ಜನ ಇದ್ದರು. ಚಲಪತಿ ತನ್ನ ಲಗೇಜ್ ಆಟೋ ತಂದಿದ್ದ. ನೆಲಮಂಗಲದ ದಾರಿ ಆ ಕಡೆ, ಊರಿನ ದಾರಿ ಈ ಕಡೆ.

"ಉಸಿರೈತೆ!" ಅಂತ ಕೆಂಪರಾಜು ಕೂಗಿದ. "ಲೇ ಚಲಪತಿ, ಉಸಿರೈತೆ ಕಣೋ, ಗಾಡಿ ತೆಗಿ!"

ಚಲಪತಿ ಕಾಲಿನ ಚಪ್ಪಲಿ ಕಳಚಿದ. ಮಿಕ್ಕವರು ತಲೆಯ ಟವೆಲ್ ತೆಗೆದರು. ಒಬ್ಬ ಆಗಲೇ ಊರಿನ ಕಡೆ ಓಡಿದ, ಚಾಪೆ ಹಾಸಿಸಲು.

ಅಯ್ಯೋ ಶಿವನೇ. ಆಮೇಲೆ ನಡೆದದ್ದನ್ನು ಚಲಪತಿ ನನಗೆ ಹೇಳಿದ, ಹೇಳುತ್ತಾ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ. ಅವಳನ್ನು ಹಿಂದೆ ಮಲಗಿಸಿದರು. ಕೆಂಪರಾಜು ಅವಳ ತಲೆಯನ್ನು ತೊಡೆ ಮೇಲಿಟ್ಟುಕೊಂಡು ಕೂತ. ಆಟೋ ಊರಿನ ಕಡೆ ತಿರುಗಿತು. "ಆ ಕಡೆ ಕಣೋ! ಆಸ್ಪತ್ರೆಗೆ! ನಿಜ್ವಾಗ್ಲೂ ಐತೆ ಕಣೋ, ನಿಜ್ವಾಗ್ಲೂ!" ಅಂತ ಅವನು ಹಿಂದಿನಿಂದ ತಗಡಿಗೆ ಗುದ್ದಿದ. ಜೊತೆಯಲ್ಲಿದ್ದವರು ಅವನ ಹೆಗಲು ಹಿಡಿದು, "ಸಮಾಧಾನ ಮಾಡ್ಕೊಳಪ್ಪಾ" ಅಂದರು. "ಹೆತ್ತ ಕರುಳು ಹಾಗನ್ನದೆ ಇನ್ನೇನ್ ಅಂದಾತು ಅಂದ್ಕೊಂಡೆ ಅಕ್ಕಾ," ಅಂದ ಚಲಪತಿ. "ಮಗು ಮೈ ಅಲುಗ್ಬಾರ್ದು ಅಂತ ಮೆಲ್ಲಗೆ ಓಡಿಸ್ದೆ." ಮೆಲ್ಲಗೆ ಓಡಿಸಿದನಂತೆ!

ಊರಬಾಗಿಲಿಗೆ ಆಟೋ ಬಂದಾಗ ವೆಂಕಟರಮಣಪ್ಪ ಏನನ್ನೂ ಕೇಳದೆ ಕೈ ಮುಗಿದು ಪಕ್ಕಕ್ಕೆ ನಿಂತರು. ನಾನು ಹನಿಯ ಡಬ್ಬಿ ಅಲ್ಲೇ ಬಿಟ್ಟು ಹಿಂದೆಯೇ ಅಳುತ್ತಾ ನಡೆದೆ. ನಡುಮನೆಯಲ್ಲಿ ಚಾಪೆ ಹಾಸಿತ್ತು. ಕೆಂಪರಾಜು ಎಲ್ಲರನ್ನೂ ತಳ್ಳುತ್ತಿದ್ದ, ಗಂಡಸರು ಅವನನ್ನು ಗೋಡೆಗೆ ಒತ್ತಿ ಹಿಡಿದಿದ್ದರು. ಹುಚ್ಚು ಹಿಡಿಯಿತು ಪಾಪ ಅಂತ ಯಾರೋ ಅಂದರು. ಮುನಿಲಕ್ಷ್ಮಮ್ಮ ಮಗಳ ಬಾಯಿಗೆ ನೀರು ಬಿಟ್ಟಳು.

ನೀರು ಕೆನ್ನೆಗೆ ಇಳಿಯಲಿಲ್ಲ. ಗಂಟಲು ಅಲುಗಿತು.

"ನುಂಗಿದ್ಲು!" ಅಂತ ಮುನಿಲಕ್ಷ್ಮಮ್ಮ ಚೀರಿದಳು. "ನನ್ ಮಗ್ಳು ನೀರ್ ನುಂಗಿದ್ಲು ಕಣ್ರೋ!"

ಎಲ್ಲರೂ ಒಟ್ಟಿಗೆ ಬಾಗಿಲಿಗೆ ನುಗ್ಗಿದರು. ಆಗ ಚಲಪತಿ ಓಡಿಸಿದ ಹಾಗೆ ಯಾರೂ ಓಡಿಸಿರಲಾರರು. ನೆಲಮಂಗಲದಲ್ಲಿ ನೋಡಿದ ಡಾಕ್ಟರು, ಹೊಟ್ಟೆಯೊಳಗೆ ರಕ್ತ ತುಂಬಿದೆ, ಬಿದ್ದ ತಕ್ಷಣ ಯಾಕೆ ತರಲಿಲ್ಲ ಅಂತ ಕೇಳಿದರು. ಬೆಂಗಳೂರಿಗೆ ಕರೆದೊಯ್ಯಲು ಆಂಬುಲೆನ್ಸ್ ಕೊಟ್ಟರು. ಅರಿಶಿನಕುಂಟೆಯ ಹತ್ತಿರ ಲಾರಿಗಳ ಸಾಲಿನ ನಡುವೆ ನಿಂತಿದ್ದಾಗ ಉಸಿರು ನಿಂತಿತು. ಅಪ್ಪನ ಕಿವಿ ಅವಳ ಮೂಗಿನ ಹತ್ತಿರವೇ ಇತ್ತಂತೆ.

ಯಾರನ್ನು ದೂರಲಿ? ಊರಿನವರದು ಕೇಡಿನ ಬುದ್ಧಿಯಲ್ಲ. ಅವರು ಅವನ ಮಾತಿಗೆ ಬೆಲೆ ಕೊಟ್ಟೇ ಹಾಗೆ ಮಾಡಿದ್ದು. ಕೆಂಪರಾಜುವಿನದೂ ಕೇಡಿನ ಸುಳ್ಳಲ್ಲ. ಎಷ್ಟು ಹೆಂಗಸರು ಆ ಸುಳ್ಳಿನಿಂದ ತಮ್ಮವರ ತಲೆಯನ್ನು ತೊಡೆ ಮೇಲಿಟ್ಟುಕೊಂಡು ಅತ್ತಿದ್ದಾರೆ! ನನಗೆ ಕೋಪವೆಲ್ಲ ಆ ಕಟ್ಟಳೆಯ ಮೇಲೆ. ಅದಕ್ಕೆ ಕೆನ್ನೆಯಿಲ್ಲ, ಹೊಡೆಯೋಣವೆಂದರೆ.

ಮಾರನೆಯ ದಿನ ಮಧ್ಯಾಹ್ನ, ಪೋಸ್ಟ್‌ಮಾರ್ಟಮ್ ಮುಗಿಸಿ ತಂದರು. ಊರಿಗೆ ಊರೇ ಊರಬಾಗಿಲಲ್ಲಿ ಸೇರಿತ್ತು, ಯಾವ ಮನೆಯಲ್ಲೂ ಒಲೆ ಹಚ್ಚಿರಲಿಲ್ಲ. ಆಂಬುಲೆನ್ಸ್ ನಿಂತಿತು. ಕೆಂಪರಾಜು ಇಳಿದು ಬಾಗಿಲು ತೆರೆದ. ಒಳಗೆ ಬಿಳಿ ಬಟ್ಟೆಯಲ್ಲಿ ಕುತ್ತಿಗೆಯವರೆಗೆ ಸುತ್ತಿ ಕಟ್ಟಿದ್ದ ಹುಡುಗಿ. ಮುಖ ಮಾತ್ರ ಕಾಣುತ್ತಿತ್ತು.

ವೆಂಕಟರಮಣಪ್ಪ ಕೋಲೂರಿಕೊಂಡು ಮುಂದೆ ಬಂದರು. ಆ ಬಿಳಿ ಬಟ್ಟೆ ನೋಡಿದರು. ಹಿಂದೆ ನಿಂತಿದ್ದ ಕಡೆಯವನಿಗೂ ಕೇಳಿಸಲಿ ಅನ್ನುವಂತೆ ಗಟ್ಟಿಯಾಗಿ ಕೇಳಿದರು.

"ಕೆಂಪರಾಜು, ಉಸಿರೈತೇನಪ್ಪಾ?"

ಜನ ಆಗಲೇ ದಾರಿ ಬಿಟ್ಟು ಎರಡು ಕಡೆಗೂ ಸರಿದಿತ್ತು. ಅವನು ಹೂಂ ಅಂದಿದ್ದರೆ ಸಾಕಿತ್ತು, ಕತ್ತು ಆಡಿಸಿದ್ದರೂ ಸಾಕಿತ್ತು. ಮನೆಯಲ್ಲಿ ಮುನಿಲಕ್ಷ್ಮಮ್ಮ ಹೊಸ್ತಿಲಿಗೆ ನೀರು ಹಾಕಿ ಕಾಯುತ್ತಿದ್ದಳು. ಅನ್ನೋ, ಒಂದು ಸಲ ಅನ್ನೋ ಮಹಾರಾಯ ಅಂತ ನಾನು ಬಾಯೊಳಗೇ ಬೇಡಿಕೊಂಡೆ. ವೆಂಕಟರಮಣಪ್ಪ ಅವನ ಭುಜ ಮುಟ್ಟಿ, "ನೀನ್ ಐತೆ ಅಂದ್ರೆ ಐತೆ ಕಣಪ್ಪಾ" ಅಂದರು.

ಕೆಂಪರಾಜು ಬಾಗಿ ಮಗಳ ಮೂಗಿಗೆ ಕಿವಿ ಇಟ್ಟ. ಆಮೇಲೆ ನೆಟ್ಟಗೆ ನಿಂತ.

"ಇಲ್ಲ ದೊಡ್ಡಪ್ಪ," ಅಂದ. "ನೆನ್ನೆ ಇತ್ತು."

ಅಷ್ಟು ಹೇಳಿ, ಅವಳನ್ನು ಅಲ್ಲೇ ಹೊರಗೆ ಇಳಿಸಲು ಕೈ ಹಾಕಿದ.